ಐರೋಲಿಯಿಂದ ಹೊರಟ ಡಬ್ಬಿಗಳು

ನನ್ನ ಪಾಸ್‌ಪೋರ್ಟಿನಲ್ಲಿ ಇದುವರೆಗೆ ಒಂದು ಮುದ್ರೆಯೂ ಬಿದ್ದಿಲ್ಲ. ಯಜಮಾನರು ಸಿಂಗಪುರಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದ ವರ್ಷ ಅದನ್ನು ಮಾಡಿಸಿದ್ದು. ಆಮೇಲೆ ಸಿಂಗಪುರದ ಸುದ್ದಿ ನಿಂತುಹೋಯಿತು. ಪಾಸ್‌ಪೋರ್ಟು ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ನುಸಿಗುಳಿಗೆಯ ವಾಸನೆ ಹಿಡಿದು ಕೂತಿದೆ. ಆದರೂ ನಾನು ಪರದೇಶಕ್ಕೆ ಹೋಗಿ ಬಂದವಳೇ ಎಂದು ಧೈರ್ಯವಾಗಿ ಹೇಳುತ್ತೇನೆ. ರೈಲು ಮೀರಜ್ ದಾಟಿದ ಮೇಲೆ ಸ್ಟೇಷನ್ನಿನ ಫಲಕದಲ್ಲಿ ಕನ್ನಡ ಇರುವುದಿಲ್ಲ, ಕಾಫಿ ಕೇಳಿದರೆ ಚಹಾ ಬರುತ್ತದೆ, ಚಹಾ ಕೇಳಿದರೆ ಅರ್ಧ ಲೋಟ ಬರುತ್ತದೆ. ಇನ್ನು ಪರದೇಶ ಎನ್ನಲು ಬೇರೆ ಏನು ಬೇಕು?

ನಮ್ಮ ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರುಗಳು ಥೇಮ್ಸ್ ನದಿಯ ದಂಡೆಯ ಊರುಗಳನ್ನು ಬಾಯಿಪಾಠ ಮಾಡಿಸಿದ್ದರು. ಮುಂಬಯಿ ಹತ್ತಿರದ ಕಲ್ಯಾಣದ ಪಕ್ಕದಲ್ಲಿ ಉಲ್ಹಾಸ್ ಎಂಬ ನದಿ ಹರಿಯುತ್ತದೆ ಎಂದು ಯಾರೂ ಹೇಳಿರಲಿಲ್ಲ. ಅದು ಗೊತ್ತಾಗಲು ನಾನು ತಪ್ಪಾಗಿ ಅಲ್ಲಿ ಇಳಿಯಬೇಕಾಯಿತು.

ಕಲ್ಯಾಣ

ನನ್ನ ಟಿಕೆಟ್ಟು ಇದ್ದದ್ದು ಠಾಣೆಗೆ. ಅದರ ಪಕ್ಕದ ಐರೋಲಿಯಲ್ಲಿರುವ ತಂಗಿ ವೀಣಾ ಕಾಲು ಮುರಿದುಕೊಂಡು ಪ್ಲಾಸ್ಟರು ಹಾಕಿಸಿಕೊಂಡಿದ್ದಳು. ಅವಳ ಮನೆ ನೋಡಿಕೊಳ್ಳಲು ಒಂದು ಸೂಟ್‌ಕೇಸು, ಒಂದು ಡಬ್ಬಿ ಕೋಡುಬಳೆಯೊಂದಿಗೆ ಹೊರಟಿದ್ದೆ. ಮೈಸೂರಿಗೆ ಬರುವ ರೈಲಿನಲ್ಲಿ ನಾವೆಲ್ಲ ಶ್ರೀರಂಗಪಟ್ಟಣದಲ್ಲೇ ಎದ್ದು ಬಾಗಿಲ ಬಳಿ ನಿಲ್ಲುತ್ತೇವಲ್ಲ, ಅದೇ ಅಭ್ಯಾಸದಲ್ಲಿ ಠಾಣೆಗೆ ತಯಾರಾಗಿರಲೆಂದು ಕಲ್ಯಾಣಕ್ಕೆ ಮೊದಲೇ ಬಾಗಿಲಲ್ಲಿ ನಿಂತೆ. ಕಲ್ಯಾಣದಲ್ಲಿ ಇಳಿಯುವವರು ನನ್ನ ಹಿಂದೆ ನಿಂತರು. ರೈಲು ನಿಂತಿತು. ನಾನು 'ಎಕ್ಸ್‌ಕ್ಯೂಸ್ ಮಿ' ಎಂದೆ. ಸಿಸ್ಟರುಗಳು ಕಲಿಸಿದ ಮೃದು ದನಿಯಲ್ಲಿ ಅದನ್ನು ಇನ್ನೊಮ್ಮೆ ಹೇಳುವಷ್ಟರಲ್ಲಿ ನಾನೂ ಸೂಟ್‌ಕೇಸೂ ಡಬ್ಬಿಯೂ ಪ್ಲಾಟ್‌ಫಾರ್ಮಿನ ಮೇಲಿದ್ದೆವು. ಯಾರೋ ತಳ್ಳಿದರು ಎಂದು ಹೇಳಲಾರೆ. ಹಾಲು ಉಕ್ಕಿದಾಗ ಕೆನೆಯನ್ನು ಯಾರಾದರೂ ತಳ್ಳುತ್ತಾರೆಯೇ?

ರೈಲು ನನ್ನನ್ನು ಬಿಟ್ಟು ಹೊರಟಿತು. ಕೊತ್ತಂಬರಿ ಸೊಪ್ಪಿನ ದೊಡ್ಡ ಗಂಟು ಹೊತ್ತ ಹೆಂಗಸೊಬ್ಬಳು ನನ್ನ ಮುಖ ನೋಡಿ, ಎಲ್ಲಿಗೆ ಹೋಗಬೇಕೆಂದು ಮರಾಠಿಯಲ್ಲಿ, "ಕುಠೆ ಜಾಯ್‌ಚಂ?" ಎಂದಳು. ಹೆದರಿಕೆಯಾದಾಗ ನನ್ನ ಬಾಯಿಂದ ಇಂಗ್ಲಿಷೇ ಬರುವುದು. ಉದ್ದವಾಗಿ ವಿವರಿಸಿದೆ. ಅವಳಿಗೆ ಅದರಲ್ಲಿ 'ಠಾಣೆ' ಒಂದೇ ಬೇಕಾಗಿದ್ದದ್ದು. ನನ್ನ ಸೂಟ್‌ಕೇಸು ಎತ್ತಿಕೊಂಡು, ಅವಳ ಗಂಟನ್ನು ನನ್ನ ಕೈಗೆ ಕೊಟ್ಟು, ಲೋಕಲ್ ರೈಲಿನ ಹೆಂಗಸರ ಬೋಗಿಗೆ ನುಗ್ಗಿದಳು.

ಅಲ್ಲಿನ ಪದ್ಧತಿ ನೋಡಿ ನನಗೆ ಬೆರಗಾಯಿತು. ಕೂತವರನ್ನು ನಿಂತವರು ಮೊದಲು ಕೇಳುವುದು, ಎಲ್ಲಿ ಇಳಿಯುತ್ತೀ ಎಂದು. ದಾರಿಯ ಡೊಂಬಿವಲಿ ಸ್ಟೇಷನ್ನಿನಲ್ಲಿ ಎಂದರೆ ಆ ಜಾಗ ಆಗಲೇ ಇವರದಾಯಿತು. ಮನೆ ಖಾಲಿ ಮಾಡುವ ಮುಂಚೆಯೇ ಮುಂದಿನ ಬಾಡಿಗೆದಾರರು ಬಂದು ನಿಂತ ಹಾಗೆ. ಎದುರಿಗೆ ಒಬ್ಬಳು ತೊಗರಿಕಾಯಿ ಸುಲಿಯುತ್ತಿದ್ದಳು, ಇನ್ನೊಬ್ಬಳು ನಿಂತೇ ನಿದ್ದೆ ಮಾಡುತ್ತಿದ್ದಳು. ನಾನು ಕೊತ್ತಂಬರಿ ಗಂಟನ್ನು ಮಗುವಿನಂತೆ ತಬ್ಬಿ ಕೂತಿದ್ದೆ.

ಠಾಣೆಯಲ್ಲಿ ವೀಣಾಳ ಮಗಳು ಅದಿತಿ ಕಾಯುತ್ತಿದ್ದಳು. ಎಕ್ಸ್‌ಪ್ರೆಸ್ಸಿನ ಬೋಗಿ ಬೋಗಿಯಲ್ಲೂ ಹುಡುಕಿ ಸುಸ್ತಾಗಿದ್ದವಳು ನಾನು ಲೋಕಲ್ಲಿನಿಂದ ಇಳಿದದ್ದು ನೋಡಿ, "ದೊಡ್ಡಮ್ಮಾ! ಆಪ್ ಲೋಕಲ್ ಸೇ?" ಎಂದು ಬಾಯಿ ತೆರೆದಳು. ಈ ಹುಡುಗಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ. ಉತ್ತರ ಮಾತ್ರ ಹಿಂದಿಯಲ್ಲಿ. ನಾನು ಹಿಂದಿ ಕೇಳಿ ಕನ್ನಡದಲ್ಲಿ ಹೇಳುವವಳು. ಹಾಗಾಗಿ ನಮ್ಮಿಬ್ಬರಿಗೆ ಒಂದು ದಿನವೂ ತೊಂದರೆಯಾಗಲಿಲ್ಲ.

ಐರೋಲಿ

ವೀಣಾಳ ಮನೆಯ ಒಂದು ಕಿಟಕಿಯಲ್ಲಿ ಗಾಜಿನ ಆಫೀಸುಗಳು, ಇನ್ನೊಂದರಲ್ಲಿ ಖಾಡಿಯ, ಅಂದರೆ ಒಳಕ್ಕೆ ಚಾಚಿದ ಸಮುದ್ರದ ನೀರಿನ, ಕೆಸರು. ಕೆಸರಿನಲ್ಲಿ ಗುಲಾಬಿ ಬಣ್ಣದ ಉದ್ದ ಕಾಲಿನ ಹಕ್ಕಿಗಳು ನಿಂತಿರುತ್ತವೆ. ಆಫೀಸಿನ ಜನ ಕೊರಳಿಗೆ ಗುರುತಿನ ಚೀಟಿ ತೂಗಿಕೊಂಡು ಊಟದ ಹೊತ್ತಿಗೆ ಸಾಲಾಗಿ ನಡೆಯುವುದನ್ನೂ, ಹಕ್ಕಿಗಳು ಸಾಲಾಗಿ ನಡೆಯುವುದನ್ನೂ ಮಂಚದಿಂದಲೇ ನೋಡಬಹುದು. ವೀಣಾ ಅದನ್ನೇ ನೋಡುತ್ತಾ ಮಲಗಿದ್ದಳು.

"ಹೇಗೆ ಬಿದ್ದೆಯೇ?" ಎಂದೆ.

"ಸ್ಟೇಷನ್ ಮೆಟ್ಟಿಲ ಮೇಲೆ ಜಾರಿದೆ ಅಕ್ಕ. ಎರಡೂ ಕೈಯಲ್ಲಿ ಡಬ್ಬಿ ಚೀಲ. ಕಾಲು ಹೋಯ್ತು, ಆದ್ರೆ ಸಾರು ಒಂದು ಹನಿ ಚೆಲ್ಲಲಿಲ್ಲ ಕಣೇ," ಎಂದಳು. ಅವಳ ಮುಖದಲ್ಲಿ ನೋವಿಗಿಂತ ಹೆಮ್ಮೆ ಹೆಚ್ಚಿತ್ತು.

ಆಗ ಗೊತ್ತಾದದ್ದು ಡಬ್ಬಿ ಬಳಗದ ವಿಚಾರ. ಐರೋಲಿಯ ಕನ್ನಡದ ಮನೆಗಳು ವಾರಕ್ಕೆ ಮೂರು ದಿನ ತಮ್ಮ ಅಡುಗೆಯ ಜೊತೆ ಒಂದು ಡಬ್ಬಿ ಹೆಚ್ಚಿಗೆ ತುಂಬುತ್ತವೆ. ಅವನ್ನು ರೈಲಿನಲ್ಲಿ ಕಳವಾಕ್ಕೆ ಒಯ್ಯಬೇಕು. ಕಳವಾ ಎಂದರೆ ಠಾಣೆಯಿಂದ ಖಾಡಿ ದಾಟಿದರೆ ಸಿಗುವ, ಒಂದೇ ಕೋಣೆಯ ಸಣ್ಣ ಸಣ್ಣ ಖೋಲಿಗಳ ಊರು. ಅಲ್ಲಿ ಒಂದು ಓಣಿಯ ತುಂಬ ಕಲಬುರಗಿ ಕಡೆಯವರು. ಗಂಡಸರೂ ಹೆಂಗಸರೂ ಬೆಳಿಗ್ಗೆ ಕೂಲಿ ನಾಕಾದಲ್ಲಿ, ದಿನಗೂಲಿಗೆ ಆಳು ಕರೆಯುವ ಚೌಕದಲ್ಲಿ, ನಿಲ್ಲುತ್ತಾರೆ. ಯಾರಾದರೂ ಕರೆದರೆ ಅಂದು ಒಲೆ, ಕರೆಯದಿದ್ದರೆ ಇಲ್ಲ.

ವೀಣಾ ಅವರನ್ನು ಕಂಡುಹಿಡಿದದ್ದು ಕಿಟಕಿಯಿಂದ. ಪಕ್ಕದ ಕಟ್ಟಡ ಕಟ್ಟುವಾಗ ಕೆಳಗೆ ಮರಳು ಹೊರುತ್ತಿದ್ದ ಹೆಂಗಸೊಬ್ಬಳು ಮುಕಾದಮನನ್ನು, ಎಂದರೆ ಕೂಲಿಯವರ ಮೇಸ್ತ್ರಿಯನ್ನು, ಬಯ್ಯುತ್ತಿದ್ದಳಂತೆ. "ಎಂಥಾ ಬೈಗುಳ ಅಕ್ಕಾ! ಎಲ್ಲಾ ಕನ್ನಡದಲ್ಲಿ! ಕಣ್ಣಲ್ಲಿ ನೀರೇ ಬಂತು ನಂಗೆ," ಎಂದು ವೀಣಾ ಎದೆ ಮುಟ್ಟಿಕೊಂಡಳು. ಆಕೆಯೇ ಬಸಮ್ಮ. ಈಗ ಓಣಿಯಲ್ಲಿ ಊಟ ಹಂಚುವುದೂ ಅವಳೇ. ಯಾವ ಮನೆಯ ಒಲೆ ಇವತ್ತು ಹೊತ್ತಿಲ್ಲ ಎಂದು ಯಾರ ಬಾಯಿಂದಲೂ ಹೇಳಿಸದೆ ತಿಳಿದುಕೊಳ್ಳುತ್ತಾಳಂತೆ.

ಬಳಗಕ್ಕೆ ಎರಡು ಕಟ್ಟುನಿಟ್ಟಿನ ನಿಯಮಗಳಿವೆ. ಬಿಸಿ ಸಾರನ್ನು ಪ್ಲಾಸ್ಟಿಕ್ಕಿಗೆ ಹಾಕಬಾರದು, ಸ್ಟೀಲ್ ಡಬ್ಬಿಯೇ ಆಗಬೇಕು. ಇನ್ನೊಂದು, ಅಲ್ಲಿಂದ ಏನನ್ನೂ ತೆಗೆದುಕೊಳ್ಳಬಾರದು, ಒಂದು ಲೋಟ ಚಹಾ ಕೂಡ. ಇವನ್ನು ಮಾಡಿದವರು ಡೊಂಬಿವಲಿಯ ಸುಮತಿ. ಕುಂದಾಪುರದ ಕಡೆಯವರು, ಬಳಗದ ಹಿರಿಯರು.

"ಈಗ ಬಂದಿರೋ ಕಷ್ಟ ಏನು ಗೊತ್ತಾ?" ವೀಣಾ ದನಿ ಇಳಿಸಿದಳು. "ಹೋದ ಡಬ್ಬಿ ವಾಪಸ್ ಬರ್ತಿಲ್ಲ. ಕೇಳಿದ್ರೆ ನಾಳೆ ಅಂತಾರೆ. ಇಲ್ಲಿ ಎಲ್ಲರ ಮನೆಯಲ್ಲೂ ಡಬ್ಬಿ ಮುಗೀತು. ಮೇಲಿನ ಮನೆಯವರ ಗಂಡ ಐಸ್‌ಕ್ರೀಂ ಡಬ್ಬಿಯಲ್ಲಿ ಊಟ ತಗೊಂಡು ಬ್ಯಾಂಕಿಗೆ ಹೋಗ್ತಿದಾರೆ. ಗುಜರಿಗೆ ಮಾರ್ಕೊಂಡಿರ್ತಾರೆ ಅಂತ ಎಲ್ಲಾ ಶುರು ಮಾಡಿದಾರೆ. ಶುಕ್ರವಾರ ಡಬ್ಬಿ ಬರದಿದ್ರೆ ಕಳವಾ ನಿಲ್ಲಿಸಿಬಿಡೋದು ಅಂತ ಸುಮತಿಯವರು ಹೇಳಿದಾರೆ. ಕಲ್ಯಾಣದಲ್ಲಿ ಒಂದು ವೃದ್ಧಾಶ್ರಮ ಇದೆಯಂತೆ, ಅಲ್ಲಿ ಪಾತ್ರೆ ಅವರದ್ದೇ."

"ವೃದ್ಧರಿಗೂ ಊಟ ಬೇಕಲ್ಲೇ."

"ಬೇಕು. ಆದ್ರೆ ಓಣಿಯಲ್ಲಿ ಮಕ್ಕಳು ನಾವು ಹೋಗೋ ದಿನ ಸೇತುವೆ ತುದೀಲಿ ನಿಂತಿರ್ತಾವೆ ಅಕ್ಕ. ಸೋಮವಾರ ಹೋಗದೇ ಇದ್ರೆ ಬುಧವಾರವೂ ನಿಲ್ತಾವೆ." ಅವಳು ಕಿಟಕಿಯ ಕಡೆ ತಿರುಗಿದಳು. "ನೀನು ಹೋಗಿ ಮೆತ್ತಗೆ ಕೇಳು. ನಿನ್ನ ಮುಖ ನೋಡಿದ್ರೆ ಯಾರೂ ಸುಳ್ಳು ಹೇಳಲ್ಲ."

ಮರುದಿನ, ಸೋಮವಾರ, ಎದ್ದು ಅಡುಗೆಮನೆಗೆ ಹೋದರೆ ನನ್ನ ಕೋಡುಬಳೆ ಒಂದು ತರಕಾರಿ ಬುಟ್ಟಿಯಲ್ಲಿ ಬಿದ್ದಿತ್ತು. ಡಬ್ಬಿ ಇಲ್ಲ. ಒಂದು ಡಬ್ಬಿ ಕಡಿಮೆ ಬಿತ್ತೆಂದು ಅದಿತಿ ಅದಕ್ಕೆ ಚಿತ್ರಾನ್ನ ತುಂಬಿ ಮುಂಜಾನೆಯೇ ಹೊರಟವರ ಕೈಗೆ ಕೊಟ್ಟುಬಿಟ್ಟಿದ್ದಳು. ನನ್ನ ಮದುವೆಯಲ್ಲಿ ಸೋದರಮಾವ ಕೊಟ್ಟ ಡಬ್ಬಿ. ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ನನ್ನ ಹೆಸರು ಕೊರೆಸಿದ್ದರು. ನಾನು ಸಿಂಗಪುರಕ್ಕೆ ಹೋಗಲಿಲ್ಲ, ನನ್ನ ಡಬ್ಬಿ ಕಳವಾಕ್ಕೆ ಹೋಯಿತು.

"ಟೆನ್ಶನ್ ಮತ್ ಲೋ ದೊಡ್ಡಮ್ಮ," ಎಂದಳು ಅದಿತಿ.

ಕಳವಾ ದಾಟಿ ಮುಂಬ್ರಾ

ಬುಧವಾರ ನನ್ನ ಸರದಿ. ಮುನ್ನಾ ರಾತ್ರಿಯೇ ಬೇಳೆ ತೊಳೆದಿಟ್ಟು ಬೆಳಿಗ್ಗೆ ಬಿಸಿಬೇಳೆಬಾತು ಮಾಡಿದೆ. ಹಸಿದವರಿಗೆ ಮೈಸೂರಿನವಳು ಕೊಡಬಹುದಾದ ಅತ್ಯುತ್ತಮ ವಸ್ತು ಅದೇ ಎಂದು ನನಗೆ ಸಂಶಯವೇ ಇರಲಿಲ್ಲ. ಐರೋಲಿಯಿಂದ ಠಾಣೆಯವರೆಗೆ ಅದಿತಿ ಜೊತೆಗಿದ್ದಳು. ನನ್ನನ್ನೂ ಎರಡು ಚೀಲಗಳನ್ನೂ ಕಳವಾಕ್ಕೆ ಹೋಗುವ ರೈಲಿಗೆ ಹತ್ತಿಸಿ, "ನೆಕ್ಸ್ಟ್ ಸ್ಟೇಷನ್, ಬಸ್," ಎಂದು ಕಾಲೇಜಿಗೆ ಹೋದಳು.

ಮುಂದಿನದೇ ಸ್ಟೇಷನ್ನು. ಯಾರಿಗೆ ತಪ್ಪೀತು? ನನಗೆ ತಪ್ಪಿತು. ಬಾಗಿಲ ಬಳಿ ಹೆಂಗಸರ ಗೋಡೆ. 'ಎಕ್ಸ್‌ಕ್ಯೂಸ್ ಮಿ' ಎಂದೆ. ಒಬ್ಬಳು ಬಹಳ ವಿನಯದಿಂದ ತಿರುಗಿ ನನಗೆ ಸಮಯ ಹೇಳಿದಳು. ಅಷ್ಟರಲ್ಲಿ ಕಳವಾ ಹಿಂದೆ ಸರಿಯಿತು.

ಮುಂಬ್ರಾದಲ್ಲಿ ಇಳಿಸಿದವರು ಬುರ್ಖಾ ತೊಟ್ಟ ಇಬ್ಬರು ಕಾಲೇಜು ಹುಡುಗಿಯರು. ಚೀಲ ಎತ್ತಿಕೊಂಡು ಮೇಲ್ಸೇತುವೆ ಹತ್ತಿಸಿದರು. ನಡುವೆ ಒಬ್ಬಳು ಮೂಗು ಅರಳಿಸಿ, "ಆಂಟಿ, ಬಿರಿಯಾನಿ ಹೈ ಕ್ಯಾ?" ಎಂದಳು. "ನೋ, ವೆಜಿಟೇರಿಯನ್," ಎಂದೆ. "ಕೋಯಿ ಬಾತ್ ನಹೀ," ಎಂದು ನನ್ನನ್ನು ಸಮಾಧಾನ ಮಾಡಿದಳು. ಆಮೇಲೆ ಇಬ್ಬರೂ ಪ್ಲಾಟ್‌ಫಾರ್ಮಿನ ಮೇಲೆ ನನಗೆ ಪಾಠ ಮಾಡಿದರು. ಎಕ್ಸ್‌ಕ್ಯೂಸ್ ಮಿ ಎನ್ನಬಾರದು. ಮೊಣಕೈ ಮುಂದೆ, ಗದ್ದ ಮೇಲೆ, ಬಾಯಲ್ಲಿ 'ಚಲೋ ಚಲೋ ಚಲೋ'. ನಿಲ್ಲಿಸಬಾರದು. ನನ್ನಿಂದ ಎರಡು ಸಲ ಮಾಡಿಸಿ ನೋಡಿ ಪಾಸು ಮಾಡಿದರು.

ವಾಪಸು ರೈಲಿನಲ್ಲಿ ಕಳವಾ ಬಂದಾಗ ಹಾಗೆಯೇ ಮಾಡಿದೆ. ದೇವರೇ, ದಾರಿ ಬಿಟ್ಟಿತು! ಸಿಸ್ಟರುಗಳು ನೋಡಿದ್ದರೆ ಜಪಮಾಲೆ ಕೈಗೆತ್ತಿಕೊಳ್ಳುತ್ತಿದ್ದರು.

ಕಳವಾ

ಸೇತುವೆಯ ತುದಿಯಲ್ಲಿ ಮಕ್ಕಳು ನಿಂತಿದ್ದವು. ಅವುಗಳ ಹಿಂದೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದ, ಸಣಕಲು ಮೈಯ, ದೊಡ್ಡ ದನಿಯ ಹೆಂಗಸು.

"ವೀಣಕ್ಕನ ಅಕ್ಕ ನೀವೇ ಏನ್ರಿ? ಎಟ್ಟೊತ್ತಾಯ್ತ್ರೀ ಯಕ್ಕಾ! ಹಾದಿ ತಪ್ಪೀರೇನು?"

"ಮುಂಬ್ರಾ ನೋಡಿಕೊಂಡು ಬಂದೆ," ಎಂದೆ.

"ನೋಡ್ಲಾಕ ಏನದರಿ ಅಲ್ಲಿ!" ಎಂದು ಬಸಮ್ಮ ನಕ್ಕು ಚೀಲ ಕಸಿದುಕೊಂಡಳು.

ಓಣಿ ಎಷ್ಟು ಕಿರಿದೆಂದರೆ ಕೊಡೆ ಬಿಚ್ಚಿದರೆ ಎರಡೂ ಮನೆಯ ಕಿಟಕಿಗೆ ತಗಲುತ್ತದೆ. ಬಣ್ಣದ ಹಳೆಯ ಬಕೆಟ್ಟಿನಲ್ಲಿ ಒಂದು ಕರಿಬೇವಿನ ಗಿಡ. ಬಸಮ್ಮನ ಖೋಲಿಯ ಮುಂದೆ ಕೂತು ಡಬ್ಬಿ ತೆರೆದರು. ಮೂರು ಮನೆಗೆ ಬಸಮ್ಮ ತಾನೇ ಒಯ್ದು ಕೊಟ್ಟು ಬಂದಳು, ಹೆಸರು ಹೇಳಲಿಲ್ಲ. ಉಳಿದದ್ದನ್ನು ಅಲ್ಲೇ ಬಡಿಸಿದರು.

ಒಂದು ವಿಷಯ ನಾನು ಅಲ್ಲಿ ಕಲಿತೆ. ಹಸಿದವರಿಗೂ ನಾಲಿಗೆ ಇರುತ್ತದೆ. ಅವರು ಐರೋಲಿಯ ಮನೆಗಳಿಗೆಲ್ಲ ಹೆಸರಿಟ್ಟಿದ್ದರು. ಮಂಗಳೂರಿನವರದು 'ಟೆಂಗಿನಕಾಯಿ ಮನಿ'. ಬೆಂಗಳೂರಿನ ಒಂದು ಮನೆ 'ನೀರಸಾರು ಮನಿ'. ನನ್ನ ಬಿಸಿಬೇಳೆಬಾತನ್ನು ಒಬ್ಬ ಮುದುಕಿ ಬೆರಳಲ್ಲಿ ನೆಕ್ಕಿ ಬಹಳ ಹೊತ್ತು ಯೋಚಿಸಿದಳು.

"ಯವ್ವಾ, ಅನ್ನ ಬ್ಯಾರೆ, ಬ್ಯಾಳಿ ಬ್ಯಾರೆ ಮಾಡ್ಲಾಕ ಪುರಸತ್ತ ಇರಲಿಲ್ಲೇನು?"

"ಸುಮ್ನಿರಬೇ!" ಎಂದು ಬಸಮ್ಮ ಗದರಿದಳು. "ಛಲೋ ಆಗ್ಯಾದ್ರಿ ಯಕ್ಕಾ. ಬೆಲ್ಲ ಒಂದ್ ಮರ್ತು ಬಿದ್ದಂಗ ಕಾಣ್ತದ."

ಮರೆತು ಬಿದ್ದದ್ದಲ್ಲ, ಅಳೆದೇ ಹಾಕಿದ್ದೆ. ಹೇಳಲಿಲ್ಲ. ಡಬ್ಬಿ ಮಾತ್ರ ಪೂರ್ತಿ ಖಾಲಿಯಾಯಿತು ಎನ್ನುವುದೊಂದು ಸಮಾಧಾನ.

ಬಸಮ್ಮ ಚಹಾ ತಂದಳು. ಓಣಿಯ ಧೂಳಿಗೆ ಗಂಟಲು ಒಣಗಿತ್ತು, ಏಲಕ್ಕಿಯ ವಾಸನೆ ಬೇರೆ ಬರುತ್ತಿತ್ತು. ಆದರೆ ಬಳಗದ ನಿಯಮ. "ನಾನು ಚಹಾ ಕುಡಿಯೋದಿಲ್ಲ," ಎಂದೆ. ಬಸಮ್ಮ ಏನೂ ಹೇಳದೆ ಲೋಟವನ್ನು ಒಳಗೆ ಒಯ್ದಳು. ಅವಳು ಅಲ್ಲಿಯವರೆಗೆ ಮಾತಾಡದೆ ಮಾಡಿದ ಕೆಲಸ ಅದೊಂದೇ.

ಆಮೇಲೆ ನಾನು ಮೆತ್ತಗೆ, "ಹಳೆಯ ಡಬ್ಬಿಗಳು..." ಎಂದೆ.

ಅಷ್ಟು ಹೊತ್ತು ಗಲಗಲ ಎನ್ನುತ್ತಿದ್ದ ಹೆಂಗಸರೆಲ್ಲ ಒಟ್ಟಿಗೆ ನೆಲ ನೋಡಿದರು. ಬಸಮ್ಮ ಸೆರಗು ಸರಿಮಾಡಿಕೊಂಡಳು. "ಕೊಡ್ತೀವ್ರಿ ಯಕ್ಕಾ. ನಾಳಿ ಕೊಡ್ತೀವಿ."

ಅವಳು ಬಾಗಿಲಿಗೆ ಅಡ್ಡ ನಿಂತಿದ್ದಳು. ಆದರೂ ಅವಳ ಭುಜದ ಮೇಲಿಂದ ಒಳಗಿನ ಹಲಗೆ ಕಂಡಿತು. ಹಲಗೆಯ ಉದ್ದಕ್ಕೂ ಡಬ್ಬಿಗಳು. ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಜೋಡಿಸಿ, ಬೂದಿ ಹಾಕಿ ತಿಕ್ಕಿ, ಕನ್ನಡಿಯ ಹಾಗೆ ಮಾಡಿದ್ದರು. ಕೊನೆಯಲ್ಲಿ ನನ್ನದು. ಚುಕ್ಕಿ ಚುಕ್ಕಿಯ ನನ್ನ ಹೆಸರು ಮೂವತ್ತು ವರ್ಷದಲ್ಲಿ ನಮ್ಮ ಮನೆಯಲ್ಲಿ ಒಂದು ದಿನವೂ ಹಾಗೆ ಹೊಳೆದಿರಲಿಲ್ಲ.

ಮಾರಿಲ್ಲ. ಬಳಸುತ್ತಲೂ ಇಲ್ಲ. ಹಾಗಾದರೆ ಕೊಡುವುದಿಲ್ಲ ಯಾಕೆ?

ಡೊಂಬಿವಲಿ

ಸುಮತಿ ನನ್ನನ್ನು ವರದಿ ಒಪ್ಪಿಸಲು ಕರೆದಿದ್ದರು. ಡೊಂಬಿವಲಿಯಲ್ಲಿ ಇಳಿಯಲು ನನಗೆ ಈಗ ಯಾರ ಸಹಾಯವೂ ಬೇಕಾಗಲಿಲ್ಲ. 'ಚಲೋ ಚಲೋ' ಎಂದು ಬಂದ ನಾನು ಅದೇ ಭರದಲ್ಲಿ ಅವರ ಲಿಫ್ಟಿನಲ್ಲೂ ಒಬ್ಬ ಹಿರಿಯರನ್ನು ಮೊಣಕೈಯಿಂದ ಸರಿಸಿಬಿಟ್ಟೆ. ಅವರು ಸುಮತಿಯ ಯಜಮಾನರು ಎಂದು ಬಾಗಿಲಲ್ಲಿ ಗೊತ್ತಾಯಿತು.

ಸುಮತಿ ದಪ್ಪ ಕನ್ನಡಕದ, ಸದಾ ಏನಾದರೂ ತಿನ್ನಿಸುತ್ತಲೇ ಬಯ್ಯುವ ಹೆಂಗಸು. ಡಬ್ಬಿ ಕಂಡೆ ಎಂದೊಡನೆ ತಟ್ಟೆಗೆ ಇನ್ನೊಂದು ಪತ್ರೊಡೆ ಹಾಕಿದರು.

"ನೋಡಿದ್ರಾ? ಇಟ್ಟುಕೊಂಡೇ ಕೊಡುವುದಿಲ್ಲ ಅಂತಾಯ್ತಲ್ಲ! ಎಂತ ಮಾಡುವುದು ಮಾರಾಯ್ರೆ? ನಂಗೆ ಹೊಟ್ಟೆ ಉರಿಯುವುದಿಲ್ವಾ? ಆ ಮಕ್ಕಳ ಮುಖ ನಾನೂ ನೋಡಿದ್ದುಂಟು. ಆದ್ರೆ ಐರೋಲಿಯವರು ಡಬ್ಬಿ ಇಲ್ಲ ಅಂತ ಕೈ ಎತ್ತಿದ್ರೆ ನಾನು ಎಂತದ್ರಲ್ಲಿ ಊಟ ಕಳಿಸುವುದು? ಬೊಗಸೆಯಲ್ಲಿಯಾ?"

"ಇನ್ನೊಂದು ಸಲ ಕೇಳಬಹುದಲ್ಲ..."

"ಶುಕ್ರವಾರ ನಾನೇ ಬರ್ತೇನೆ. ಡಬ್ಬಿ ಲೆಕ್ಕಕ್ಕೆ ಸರಿಯಾಗಿ ತೆಗೆದುಕೊಂಡು, ಸೋಮವಾರದಿಂದ ಇಲ್ಲ ಅಂತ ಹೇಳಿ ಬರುವುದು. ಬೇರೆಯವರ ಹತ್ರ ಹೇಳಿಸುವುದು ಚೆಂದ ಅಲ್ಲ." ಕನ್ನಡಕ ತೆಗೆದು ಸೀರೆಯಲ್ಲಿ ಒರೆಸಿದರು. ಅದು ಆಗಲೇ ಸ್ವಚ್ಛವಾಗಿತ್ತು. "ತಿನ್ನಿ, ತಿನ್ನಿ. ನೀವು ಎಂತ ಹಕ್ಕಿ ಹಾಗೆ ತಿನ್ನುವುದು?"

ಹೊರಡುವಾಗ ಕಾಲು ಮುರಿದವಳಿಗೆಂದು ಒಂದು ಸ್ಟೀಲ್ ಡಬ್ಬಿ ತುಂಬ ಪತ್ರೊಡೆ ಕೊಟ್ಟರು.

ಮತ್ತೆ ಐರೋಲಿ

ರಾತ್ರಿಯ ಊಟಕ್ಕೆ ಪತ್ರೊಡೆ ಮುಗಿಯಿತು. ಡಬ್ಬಿ ತೊಳೆದು, "ಇದನ್ನ ಎಲ್ಲಿಡಲೇ? ಶುಕ್ರವಾರ ಸುಮತಿಯವರು ಸಿಗ್ತಾರೆ, ಕೊಟ್ಟುಬಿಡ್ತೀನಿ," ಎಂದೆ.

"ಅಯ್ಯೋ, ಕೊಡಬೇಡ! ಮೇಲಿನ ಗೂಡಲ್ಲಿಡು," ಎಂದು ಮಂಚದಿಂದಲೇ ಕೂಗಿದಳು ವೀಣಾ.

ಮೇಲಿನ ಗೂಡು ತೆರೆದೆ. ಅಲ್ಲಿ ಆಗಲೇ ಮೂರು ಡಬ್ಬಿಗಳಿದ್ದವು. ಮೂರರ ಮೇಲೂ ಸುಮತಿಯ ಹೆಸರು.

"ಇವು ಯಾವ ಕಾಲದ್ದೇ? ಯಾಕೆ ವಾಪಸ್ ಕೊಟ್ಟಿಲ್ಲ?"

"ಖಾಲಿ ಹೇಗಕ್ಕಾ ಕೊಡೋದು? ಮೈಸೂರುಪಾಕು ಮಾಡಿ ತುಂಬಿಸಿ ಕೊಡೋಣ ಅಂದ್ಕೊಂಡೆ. ಒಂದು ಸಲ ಕಡಲೆಹಿಟ್ಟು ಇರಲಿಲ್ಲ, ಇನ್ನೊಂದು ಸಲ ಪಾಕ ಗಟ್ಟಿಯಾಯ್ತು. ಈಗ ಕಾಲು."

ನಾನು ಸ್ಟೂಲಿನ ಮೇಲೆ ನಿಂತಿದ್ದವಳು ಹಾಗೆಯೇ ನಿಂತೆ. ನಮ್ಮ ಮನೆಯಲ್ಲೂ ಅಷ್ಟೇ ಅಲ್ಲವೇ? ಪಕ್ಕದ ಮನೆಯ ಪಾತ್ರೆಯನ್ನು ಅಮ್ಮ ಎಂದಾದರೂ ಬರಿದಾಗಿ ಕಳಿಸಿದ್ದು ಉಂಟೇ? ಏನೂ ಇಲ್ಲದ ದಿನ ಒಂದು ಚಮಚ ಸಕ್ಕರೆ ಹಾಕುತ್ತಿದ್ದಳು, ಅದೂ ಇಲ್ಲದಿದ್ದರೆ ನಾಲ್ಕು ಹೂವು. ಕೊಡುವುದಕ್ಕೆ ಏನಾದರೂ ಸಿಗುವ ತನಕ ಪಾತ್ರೆ ನಮ್ಮ ಮನೆಯಲ್ಲೇ, ತೊಳೆದು ಒರೆಸಿ, ಹಲಗೆಯ ಮೇಲೆ.

"ವೀಣಾ," ಎಂದೆ. "ಬಸಮ್ಮ ಎಂದಾದರೂ ಡಬ್ಬಿಯಲ್ಲಿ ಏನಾದರೂ ಹಾಕಿ ಕೊಟ್ಟಿದ್ದಳಾ?"

"ಮೊದಲನೇ ವಾರ ಶೇಂಗಾ ಹಿಂಡಿ, ಅದೇ ಕಡಲೆಕಾಯಿ ಚಟ್ನಿಪುಡಿ, ಹಾಕಿದ್ದಳಂತೆ. ನಾನು ಹೋಗಿರಲಿಲ್ಲ, ಸುಮತಿಯವರು ಹೋಗಿದ್ರು. ನಿಯಮ ಅಂದ್ರೆ ನಿಯಮ ಅಂತ ಅಲ್ಲೇ ಪೇಪರ್ ಮೇಲೆ ಸುರಿಸಿ ವಾಪಸ್ ಕೊಟ್ಟು..." ವೀಣಾ ಅರ್ಧಕ್ಕೆ ನಿಲ್ಲಿಸಿದಳು. ಅವಳ ಕಣ್ಣು ನನ್ನ ಕೈಯಲ್ಲಿದ್ದ ಸುಮತಿಯ ಡಬ್ಬಿಯ ಮೇಲಿತ್ತು. "ಅಯ್ಯೋ ದೇವರೇ."

ತುಂಬಿಸಿ ಕೊಟ್ಟರೆ ತೆಗೆದುಕೊಳ್ಳುವುದಿಲ್ಲ. ಖಾಲಿ ಕೊಡಲು ಅವರಿಗೆ ಮನಸ್ಸಿಲ್ಲ. ಪಾಪ, ಡಬ್ಬಿಗಳು ಇನ್ನೆಲ್ಲಿಗೆ ಹೋಗಬೇಕು?

ಶುಕ್ರವಾರ, ಕಳವಾ

ಇದನ್ನು ಸುಮತಿಗೆ ಹೇಳುವುದು ಹೇಗೆಂದು ದಾರಿಯುದ್ದಕ್ಕೂ ಯೋಚಿಸಿದೆ. ದೊಡ್ಡವರಿಗೆ ಎದುರು ಮಾತಾಡಿ ನನಗೆ ಅಭ್ಯಾಸವಿಲ್ಲ. ಸುಮತಿ ಸೆಟೆದು ಕೂತಿದ್ದರು. ಡಬ್ಬಿ ತರಲೆಂದು ಮೂರು ಖಾಲಿ ಚೀಲ ಮಡಿಸಿ ತಂದಿದ್ದರು.

ಓಣಿಯಲ್ಲಿ ಊಟ ಬಡಿಸಿ ಮುಗಿಯಿತು. ಸುಮತಿ ಗಂಟಲು ಸರಿಮಾಡಿಕೊಂಡರು.

"ಬಸಮ್ಮ, ಡಬ್ಬಿ ಎಲ್ಲಿ?"

"ನಾಳಿ ಕೊಡ್ತೀವ್ರಿ ಅಮ್ಮಾರ."

"ನಾಳೆ ನಾಳೆ ಅಂತ ಎಷ್ಟು ಸಲ? ನಿಮಗೆ ಕೊಟ್ಟದ್ದು ಊಟ, ಡಬ್ಬಿ ಅಲ್ಲ. ಮಂದಿಯ ಮನೆ ಪಾತ್ರೆ ಇಟ್ಟುಕೊಳ್ಳುವುದು ಸರಿಯಾ? ಇವತ್ತು ಎಲ್ಲಾ ತೆಗೆದುಕೊಂಡು ಹೋಗ್ತೇನೆ. ಮತ್ತೆ ಸೋಮವಾರದಿಂದ..."

ಮಕ್ಕಳು ಬೆರಳು ನೆಕ್ಕುವುದನ್ನು ನಿಲ್ಲಿಸಿ ನೋಡುತ್ತಿದ್ದವು. ಆ ವಾಕ್ಯ ಮುಗಿದರೆ ಮುಗಿಯಿತು. ಬೇರೇನೂ ತೋಚದೆ ನಾನು ಬಾಯಿ ಹಾಕಿದೆ. "ಸುಮತಿಯವರೇ, ಮರೆತೇಬಿಟ್ಟಿದ್ದೆ. ನಿಮ್ಮ ನಾಲ್ಕು ಡಬ್ಬಿ ವೀಣಾ ಹತ್ತಿರವೇ ಉಳಿದುಬಿಟ್ಟಿವೆ. ಬಹಳ ದಿನ ಆಯಿತು. ತಪ್ಪು ತಿಳಿಯಬೇಡಿ."

ಸುಮತಿ ನನ್ನ ಕಡೆ ತಿರುಗಿದರು. ಸಿಟ್ಟಿನ ನಡುವೆಯೂ ಅವರ ದನಿ ಮೆತ್ತಗಾಯಿತು. "ಅಯ್ಯ, ಅದಕ್ಕೆ ಎಂತ ತಪ್ಪು ತಿಳಿಯುವುದು? ನಮ್ಮ ವೀಣಾ ಅಲ್ವಾ! ಕಾಲು ಬೇರೆ ಮುರಿದುಕೊಂಡು ಮಲಗಿದ್ದಾಳೆ. ಅಡುಗೆ ಮಾಡುವ ಹಾಗಿಲ್ಲ, ಅವಳಾದ್ರೂ ಡಬ್ಬಿ ಖಾಲಿ ಹೇಗೆ ಕೊಡು..."

ಅಲ್ಲಿಗೆ ಮಾತು ನಿಂತಿತು.

ಸುಮತಿ ಬಸಮ್ಮನನ್ನು ನೋಡಿದರು. ಬಸಮ್ಮ ಸುಮತಿಯನ್ನು ನೋಡಿದಳು. ಓಣಿಯಲ್ಲಿ ಯಾರದೋ ಕುಕ್ಕರ್ ಸೀಟಿ ಹಾಕಿತು.

ಮೊದಲು ಕಿಸಕ್ಕನೆ ನಕ್ಕವಳು ಆ ಮುದುಕಿ. ಬಸಮ್ಮ ನಗಲಿಲ್ಲ.

"ನಾ ಬಾಯಿ ಬಿಟ್ಟು ಹೆಂಗ ಹೇಳ್ಲೆಮ್ಮಾ?" ಎಂದಳು. ಆ ದೊಡ್ಡ ದನಿ ಚಿಕ್ಕದಾಗಿತ್ತು. "ಮೊದಲ ಹಿಂಡಿ ಹಾಕಿ ಕೊಟ್ಟೆ. ನೀವು ಪೇಪರಿಗಿ ಸುರುವಿ ನನ್ ಕೈಗೇ ಕೊಟ್ರಿ. ಓಣಿ ಮಂದಿ ಎಲ್ಲಾ ನೋಡ್ಯಾರ. ಆಮ್ಯಾಲೆ ಬರೇ ಡಬ್ಬಿ ಹೆಂಗ ಕೊಡಾದು? ನಾವೇನ್ ಭಿಕ್ಷಾ ಬೇಡವ್ರೇನ್ರಿ? ಕೆಲ್ಸ ಸಿಗದಿದ್ದಾಗ ಉಣ್ತೀವಿ, ಖರೇ. ಬರೇ ಡಬ್ಬಿ ಕೊಡೋವಂಥಾ ಮನಿತನ ಅಲ್ರಿ ನಮ್ದು."

ಸುಮತಿ ಆ ಮೂರು ಚೀಲಗಳನ್ನು ನೆಲಕ್ಕೆ ಹಾಸಿ ಅವುಗಳ ಮೇಲೆ ಕೂತರು. ಅವರನ್ನು ಬಲ್ಲವರು ಯಾರೂ ಇದನ್ನು ನಂಬಲಾರರು, ಆದರೆ ನಾನು ಕಣ್ಣಾರೆ ನೋಡಿದೆ.

"ಹಿಂಡಿ ಈಗ ಉಂಟಾ?"

"ಅದರಿ."

"ತುಂಬಾ ಖಾರವಾ?"

"ಸ್ವಲ್ಪೇ ಅದರಿ," ಎಂದಳು ಬಸಮ್ಮ. ಉತ್ತರ ಕರ್ನಾಟಕದವರ ಆ 'ಸ್ವಲ್ಪ'ವನ್ನು ನಂಬಬಾರದೆಂದು ಕುಂದಾಪುರದವರಿಗೆ ಯಾರೂ ಹೇಳಿರಲಿಲ್ಲ. ಸುಮತಿ ಬೊಗಸೆ ಹಿಡಿದು ಒಂದು ಚಮಚ ಹಾಕಿಸಿಕೊಂಡು ಬಾಯಿಗೆ ಹಾಕಿದರು. ಮೂಗು ಕೆಂಪಾಯಿತು, ಕಿವಿ ಕೆಂಪಾಯಿತು, ಕನ್ನಡಕದ ಕೆಳಗಿನಿಂದ ನೀರು ಇಳಿಯಿತು.

"ಖಾರಕ್ಕೆ," ಎಂದರು ಯಾರೂ ಕೇಳದಿದ್ದರೂ. ಒರೆಸಿಕೊಂಡರು. ಮತ್ತೆ ಇಳಿಯಿತು.

"ಚಹಾ ತರ್ಲೇನ್ರಿ?" ಎಂದಳು ಬಸಮ್ಮ.

"ತಗೊಂಡು ಬಾ ಮಾರಾಯ್ತಿ, ಬೇಗ!"

ನನ್ನ ಕಡೆಗೂ ಒಂದು ಲೋಟ ಬಂತು. "ನೀವು ಕುಡಿಯಾಂಗಿಲ್ಲಲ್ರೀ ಯಕ್ಕಾ," ಎಂದು ಬಸಮ್ಮ ಹುಬ್ಬು ಹಾರಿಸಿದಳು. ನಾನು ಎರಡು ಲೋಟ ಕುಡಿದೆ.

ಅಂದು ಮೂರು ಚೀಲ ತುಂಬ ಡಬ್ಬಿ ಹೊತ್ತು ತಂದೆವು. ಒಂದೂ ಖಾಲಿ ಇರಲಿಲ್ಲ. ಕೆಲವದರಲ್ಲಿ ಹಿಂಡಿ. ಒಂದರಲ್ಲಿ ಹುಣಸೆಹಣ್ಣಿನ ಉಂಡೆ. ಒಂದರಲ್ಲಿ ಬಕೆಟ್ಟಿನ ಗಿಡದ ಕರಿಬೇವು. ಹಲವದರಲ್ಲಿ ಬರೀ ಒಂದು ಬೆಲ್ಲದ ಚೂರು, ಒಂದು ಹಸಿಮೆಣಸಿನಕಾಯಿ. ನನ್ನ ಡಬ್ಬಿ ಮಾತ್ರ ಬಸಮ್ಮ ಕೊಡಲಿಲ್ಲ. "ಊರಿಗಿ ಹೊಂಟಾಗ ಕೊಡ್ತೀನ್ರಿ," ಎಂದಳು.

ಐರೋಲಿಯಲ್ಲಿ ಆ ಸಂಜೆ ಆದ ಗದ್ದಲ ಹೇಳತೀರದು. ಮೇಲಿನ ಮನೆಯ ಬ್ಯಾಂಕಿನವರು ಹಿಂಡಿಗೆ ಎಣ್ಣೆ ಹಾಕಿಕೊಂಡು ತಿಂದು, ಇದು ಇನ್ನೂ ಸಿಗುತ್ತದೆಯೇ ಎಂದು ಮೂರು ಮಹಡಿ ಇಳಿದು ಕೇಳಲು ಬಂದರು. ಸೋಮವಾರ ಎಲ್ಲ ಮನೆಗಳಿಂದಲೂ ಡಬ್ಬಿ ಸಲೀಸಾಗಿ ಹೊರಟವು. ನೀರಸಾರು ಮನೆಯ ಡಬ್ಬಿಯಲ್ಲಿ ಅಂದು ಬೇಳೆ ಕಾಣಿಸುತ್ತಿತ್ತು ಎಂದು ವರದಿ ಬಂತು. ಕಲ್ಯಾಣದ ವೃದ್ಧಾಶ್ರಮಕ್ಕೆ ಡೊಂಬಿವಲಿಯ ಮನೆಗಳಿಂದ ಬೇರೆಯೇ ವ್ಯವಸ್ಥೆ ಮಾಡಿಸಿದರು ಸುಮತಿ. ನಿಯಮವೊಂದನ್ನು ತೆಗೆದುಹಾಕಿದ್ದೇನೆ ಎಂದು ಅವರು ಎಲ್ಲಿಯೂ ಹೇಳಲಿಲ್ಲ. ಆ ವಿಷಯ ಬಂದಾಗ ಕನ್ನಡಕ ಒರೆಸುತ್ತಿದ್ದರು, ಅಷ್ಟೇ.

ಠಾಣೆ, ಆಮೇಲೆ ಮೈಸೂರು

ನಾನು ಹೊರಡುವ ದಿನ ಬಸಮ್ಮ ಠಾಣೆಯ ಪ್ಲಾಟ್‌ಫಾರ್ಮಿಗೆ ಬಂದಿದ್ದಳು. ಹಳೆಯ ಸೀರೆಯ ತುಂಡಿನಲ್ಲಿ ಬಿಗಿಯಾಗಿ ಕಟ್ಟಿದ ಡಬ್ಬಿಯನ್ನು ನನ್ನ ತೊಡೆಯ ಮೇಲಿಟ್ಟು, "ಈಗ ಬಿಚ್ಚಬ್ಯಾಡ್ರಿ, ಎಣ್ಣಿ ಸೋರತದ," ಎಂದಳು. ಅದಿತಿ ನನ್ನ ಕಾಲಿಗೆ ನಮಸ್ಕಾರ ಮಾಡಿ ಮೊತ್ತಮೊದಲ ಬಾರಿಗೆ ಕನ್ನಡದಲ್ಲಿ, "ದೊಡ್ಡಮ್ಮ, ಕಲ್ಯಾಣದಲ್ಲಿ ಇಳೀಬೇಡಿ," ಎಂದಳು.

ಇಳಿಯಲಿಲ್ಲ. ಘಾಟು ಹತ್ತಿದ ಮೇಲೆ ಹಸಿವಾಗಿ ಗಂಟು ಬಿಚ್ಚಿದೆ. ಹಿಂಡಿ ತುಂಬಿದ ಡಬ್ಬಿ ತಳತಳ ಹೊಳೆಯುತ್ತಿತ್ತು. ಮುಚ್ಚಳದ ಮೇಲಿನ ಚುಕ್ಕಿಗಳನ್ನು ಬೆರಳಿನಿಂದ ಸವರಿದೆ. ಅಕ್ಷರಗಳು ನನ್ನವಲ್ಲ. ಕನ್ನಡಕ ಹಾಕಿಕೊಂಡು ಓದಿದೆ. 'ಚಿ. ಸೌ. ಬಸಮ್ಮಗೆ, ತವರಿನಿಂದ'.

ಬಸಮ್ಮ ತನ್ನ ಮದುವೆಯ ಡಬ್ಬಿ ನನಗೆ ಕೊಟ್ಟು ನನ್ನ ಮದುವೆಯ ಡಬ್ಬಿಯನ್ನು ಇಟ್ಟುಕೊಂಡಿದ್ದಳು.

ಹಿಂಡಿ ನಮ್ಮ ಮನೆಯಲ್ಲಿ ಒಂದು ತಿಂಗಳು ಬಂತು. ಯಜಮಾನರು ದೋಸೆಗೂ ಅದನ್ನೇ ಹಾಕಿಸಿಕೊಂಡು, ಕಣ್ಣೊರೆಸಿಕೊಳ್ಳುತ್ತಾ ತಿಂದರು. ಈಗ ಡಬ್ಬಿ ತೊಳೆದು, ಬೂದಿ ಸಿಗದ ಕಾರಣ ಹುಣಸೆಹಣ್ಣು ಹಾಕಿ ತಿಕ್ಕಿ, ಅಡುಗೆಮನೆಯ ಹಲಗೆಯ ಮೇಲೆ ಇಟ್ಟಿದ್ದೇನೆ. ಅವಳ ಹಲಗೆಯ ಮೇಲೆ ಹೊಳೆದಷ್ಟು ಹೊಳೆಯುತ್ತಿಲ್ಲ. "ಕೊರಿಯರ್ ಮಾಡಿಬಿಡಬಾರದೇನೇ?" ಎಂದು ಯಜಮಾನರು ಕೇಳಿದರು. ಖಾಲಿ ಡಬ್ಬಿಯನ್ನೇ ಎಂದು ನಾನು ಅವರನ್ನು ನೋಡಿದೆ. ಅವರು ಪೇಪರು ಎತ್ತಿಕೊಂಡರು.

ಮೊನ್ನೆ ವೀಣಾ ಫೋನು ಮಾಡಿದ್ದಳು. ಪ್ಲಾಸ್ಟರು ತೆಗೆದು ಅವಳೂ ಈಗ ಕಳವಾಕ್ಕೆ ಹೋಗಿ ಬರುತ್ತಿದ್ದಾಳೆ. ಬಸಮ್ಮ ನನಗೊಂದು ಮಾತು ಹೇಳಿ ಕಳಿಸಿದ್ದಳಂತೆ. ವೀಣಾ ಅದನ್ನು ಅವಳ ದನಿಯಲ್ಲೇ ಒಪ್ಪಿಸಿದಳು.

"ಯಕ್ಕನ ಡಬ್ಬಿ ಇಲ್ಲೇ ಅದ ಅಂತ ಹೇಳ್ರಿ. ದಿನಾ ತಿಕ್ಕಿ ಇಡ್ತೀನಿ. ನನ್ನ ಡಬ್ಬಿದು ಅವಸರಿಲ್ಲ. ಬಂದಾಗ ಬರ್ಲಿ, ಖರೆ ಆ ಬೆಲ್ಲದ ಬ್ಯಾಳಿ ಅನ್ನ ಮಾತ್ರ ಹಾಕ್ಕೊಂಡು ಬರಬ್ಯಾಡ್ರಿ ಅಂತ ಹೇಳ್ರಿ."